‘ನೋಡಿದೆ’ ಎಂದು ಬರೆಯದ ಪುಟ

ಮನೆಯಿಂದ, ಕಿಟಕಿ ಪಕ್ಕದ ಮೇಜು
ಮಾರ್ಚ್ ಹನ್ನೊಂದು, ಬುಧವಾರ, ಸಂಜೆ ಐದೂವರೆ

ಪ್ರೀತಿಯ ಅಕ್ಕಾ,

ನಮ್ಮ ತರಗತಿಯ ನೆನಪಿನ ಸಂಚಿಕೆ ಅಚ್ಚಾಗುವುದು ಇವತ್ತು ಬೆಳಿಗ್ಗೆ ಹನ್ನೊಂದಕ್ಕೆ ನಿಂತುಹೋಯಿತು. ಹದಿನಾರು ಪುಟ ಒಟ್ಟಿಗೆ ಅಚ್ಚಾಗುವ ಮೊದಲ ಫಾರಂ ಆಗಿದೆ, ಹದಿನೇಳರಿಂದ ಮುಂದಕ್ಕೆ ಆಗಿಲ್ಲ. ಹೇಳಿದವರು ಪ್ರೆಸ್ಸಿನಲ್ಲಿ ಯಂತ್ರ ನಡೆಸುವ ಮಾಮ. ಅಪ್ಪನಿಗೆ ಊಟದ ಡಬ್ಬಿ ಕೊಡಲು ಹೋದಾಗ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, “ಏನಮ್ಮಾ ತಾಯಿ, ನಿನ್ನ ದೆಸೆಯಿಂದ ನನ್ನ ಮಷೀನು ರಜೆ ಹಾಕಿದೆ” ಎಂದರು. ಕ್ಷೇಮಸಮಾಚಾರ ಕೇಳುವ ಮೊದಲೇ ಸುದ್ದಿ ಬರೆದಳೆಂದು ಬೈಯಬೇಡ. ಅಪ್ಪನ ಪಾಠ ನಿನಗೂ ಬಾಯಿಪಾಠವೇ ಅಲ್ಲವೆ: ಸುದ್ದಿ ಮೊದಲು, ಹೇಳಿದವರು ಯಾರು ಆಮೇಲೆ, ಅಳು ಇದ್ದರೆ ಕೊನೆಗೆ.

ನಿನ್ನ ಹೆಬ್ಬೆರಳಿನ ಗಾಯ ಹೇಗಿದೆ? ಲೆನ್ಸಿನ ಅಂಚು ಉಜ್ಜುವಾಗ ಗಾಜು ಸೀಳಿತು ಎಂದಷ್ಟೇ ಅತ್ತೆ ಫೋನಿನಲ್ಲಿ ಹೇಳಿದರು. ಹೊಲಿಗೆ ಹಾಕಿದರೋ ಇಲ್ಲವೋ ಹೇಳಲಿಲ್ಲ. ಅಮ್ಮ ಎರಡು ದಿನದಿಂದ ಅದನ್ನೇ ಕೇಳುತ್ತಿದ್ದಾಳೆ. ನಾನೇನು ಡಾಕ್ಟರಾ? ನೀನೇ ಬರೆದು ತಿಳಿಸು. ಅಪ್ಪನ ಕಣ್ಣಿನ ನಂಬರು ಮತ್ತೆ ಏರಿದೆ. ಹೊಸ ಗಾಜು ನೀನೇ ಕೂರಿಸಬೇಕಂತೆ, ಬೇರೆಯವರ ಕೈಗೆ ಚೌಕಟ್ಟು ಕೊಡುವುದಿಲ್ಲವಂತೆ. ಒಂದು ಕಡ್ಡಿ ಮುರಿದು ದಾರ ಸುತ್ತಿಕೊಂಡಿದ್ದಾರೆ. ಅದರಲ್ಲೇ ದಿನಕ್ಕೆ ನಲವತ್ತು ಪುಟ ಕರಡು ತಿದ್ದುತ್ತಾರೆ. ಅಮ್ಮ ಆರೋಗ್ಯವಾಗಿದ್ದಾಳೆ, ಅಂದರೆ ಎಲ್ಲರ ಮೇಲೂ ರೇಗುತ್ತಿದ್ದಾಳೆ. ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಮೂರು ದಿನದಿಂದ ಅನ್ನ ಸೇರುತ್ತಿಲ್ಲ. ಜ್ವರವಿಲ್ಲ. ಬರೀ ಹೇಸಿಗೆ.

ಸಂಚಿಕೆಯ ವಿಷಯ ಹೇಳುತ್ತೇನೆ. ಮುಂದಿನ ಬುಧವಾರ ನಮಗೆ ಬೀಳ್ಕೊಡುಗೆ. ಅವತ್ತು ‘ಸವಿನೆನಪು’ ಎಂಬ ಪುಸ್ತಕ ಬಿಡುಗಡೆ. ತರಗತಿಯ ನಲವತ್ತೊಂದು ಮಂದಿಯೂ ಪ್ರೌಢಶಾಲೆಯ ಮೂರು ವರ್ಷದ ಬಗ್ಗೆ ಒಂದೊಂದು ಪುಟ ಬರೆಯಬೇಕು ಎಂದು ಹೆಡ್ ಮೇಷ್ಟ್ರ ಅಪ್ಪಣೆ. ಅಪ್ಪ ಪ್ರೆಸ್ಸಿನವರು ಎಂಬ ಕಾರಣಕ್ಕೆ ಕರಡು ತಿದ್ದುವ ಕೆಲಸ ನನ್ನ ತಲೆಗೆ ಬಂತು. ಅಪ್ಪನ ಪ್ರೆಸ್ಸಿನ ನಿಯಮ ಗೊತ್ತಲ್ಲ, ಕರಡು ಓದಿದವರು ಪ್ರತಿ ಪುಟದ ಮೂಲೆಯಲ್ಲಿ ‘ನೋಡಿದೆ’ ಎಂದು ಬರೆದು ಸಹಿ ಹಾಕಬೇಕು. ಹಾಕದಿದ್ದರೆ ಆ ಪುಟ ಯಂತ್ರಕ್ಕೆ ಏರುವುದಿಲ್ಲ, ಯಜಮಾನರ ಸ್ವಂತ ಮಗನ ಲಗ್ನಪತ್ರಿಕೆಯಾದರೂ ಅಷ್ಟೆ. ಹಾಗಾಗಿ ಹತ್ತು ದಿನದಿಂದ ನಾನು ನಮ್ಮವರ ಸವಿನೆನಪುಗಳನ್ನು ಒಂದೊಂದಾಗಿ ಓದಿ ‘ನೋಡಿದೆ, ನೋಡಿದೆ’ ಎಂದು ಬರೆಯುತ್ತಿದ್ದೇನೆ. ಎಣಿಸಿದ್ದೇನೆ, ಕೇಳು. ‘ಸುವರ್ಣ ದಿನಗಳು’ ಇಪ್ಪತ್ತೊಂಬತ್ತು ಲೇಖನಗಳಲ್ಲಿ ಇದೆ. ‘ಒಂದೇ ಬಳ್ಳಿಯ ಹೂಗಳು’ ಹದಿನೆಂಟರಲ್ಲಿ. ‘ಗುರುಗಳ ಋಣ ತೀರಿಸಲಾಗದು’ ಎಲ್ಲದರಲ್ಲೂ, ಅದರಲ್ಲಿ ಹದಿಮೂರು ಮಂದಿ ‘ಋಣ’ವನ್ನು ‘ರುಣ’ ಮಾಡಿದ್ದಾರೆ. ಹುಡುಗಿಯರ ಪಾಯಿಖಾನೆಗೆ ಮೂರು ವರ್ಷ ಚಿಲಕ ಇರಲಿಲ್ಲ, ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲಬೇಕಿತ್ತು. ಒಬ್ಬಳೂ ಅದನ್ನು ಬರೆದಿಲ್ಲ. ಲೆಕ್ಕದ ಸಾರ್ ಕೋಲು ಮುರಿದರೆ, ಏಟು ತಿಂದವನೇ ಹೋಗಿ ಹೊಸ ಕೋಲು ತರಬೇಕಿತ್ತು. ಅದನ್ನು ಒಬ್ಬ ಬರೆದಿದ್ದಾನೆ, ಹೇಗೆ ಗೊತ್ತಾ, ‘ಪ್ರೀತಿಯ ಪೆಟ್ಟುಗಳು’ ಎಂದು. ತಿಂದವನು ಅವನಲ್ಲ. ಬೀಳ್ಕೊಡುಗೆಯ ಹಾಡಿನ ಅಭ್ಯಾಸವೂ ನಡೆಯುತ್ತಿದೆ. “ಮೂರನೇ ಚರಣಕ್ಕೆ ಬಂದಾಗ ಕಣ್ಣಲ್ಲಿ ನೀರು ಬರಬೇಕು, ಎರಡನೇದಕ್ಕೇ ಶುರು ಮಾಡ್ಕೋಬೇಡಿ” ಎಂದು ಹಾಡಿನ ಟೀಚರ್ ಹೇಳಿಕೊಟ್ಟಿದ್ದಾರೆ. ಎಲ್ಲರೂ ಸರಿಯಾಗಿ ಮೂರನೆಯದಕ್ಕೇ ಅಳುತ್ತಿದ್ದಾರೆ. ಇಷ್ಟನ್ನೂ ನಗುತ್ತಲೇ ತಡೆದುಕೊಂಡಿದ್ದೆ.

ಹದಿನೇಳನೇ ಪುಟ ಮುತ್ತುವಿನದು. ಮುತ್ತಿನಂಥ ಅಕ್ಷರ ಎಂದು ಒಂಬತ್ತನೇ ತರಗತಿಯಲ್ಲಿ ನೀನೇ ಇಟ್ಟ ಹೆಸರು, ಈಗ ಮೇಷ್ಟ್ರುಗಳೂ ಹಾಗೇ ಕರೆಯುತ್ತಾರೆ. ಪಬ್ಲಿಕ್ ಪರೀಕ್ಷೆಯಲ್ಲಿ ಇಡೀ ಶಾಲೆಗೆ ಅವಳೇ ಮೊದಲು ಬರುತ್ತಾಳೆಂದು ಈಗಲೇ ಹಾರ ಹೇಳಿಟ್ಟಿದ್ದಾರೆ. ಅವಳ ಲೇಖನದ ಕೊನೆಯ ಪ್ಯಾರಾವನ್ನು ಇದ್ದ ಹಾಗೇ ಇಳಿಸುತ್ತೇನೆ, ಕೂತುಕೊಂಡು ಓದು: ‘ನಾವು ನಲವತ್ತೆರಡು ಮಂದಿ ಬಂದೆವು, ನಲವತ್ತೊಂದು ಮಂದಿ ಹೊರಟಿದ್ದೇವೆ. ನಮ್ಮಲ್ಲಿ ಒಬ್ಬಳು ಅಡ್ಡದಾರಿ ಹಿಡಿದು ಶಾಲೆಯ ಮರ‍್ಯಾದೆಗೆ ಕುಂದು ತಂದಳು. ಸೂರ‍್ಯನು ಎಲ್ಲರಿಗೂ ಬೆಳಕು ಕೊಡುವಂತೆ ನಾವು ಅವಳನ್ನೂ ಕ್ಷಮಿಸಿದ್ದೇವೆ. ಕ್ಷಮೆಯೇ ದೊಡ್ಡ ಕಾರ‍್ಯ.’

ಕ್ಷಮಿಸಿದ್ದಾರಂತೆ, ಅಕ್ಕಾ. ನಿನ್ನನ್ನು.

ಓದಿದ ಕೂಡಲೇ ಎದ್ದು ಹೋಗಿ ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿ ಬಂದೆ. ಮತ್ತೆ ಓದಿದೆ, ಈ ಸಲ ಕರಡು ತಿದ್ದುವವಳ ಹಾಗೆ, ಅರ್ಥ ಬಿಟ್ಟು ಅಕ್ಷರ ಅಕ್ಷರವಾಗಿ. ಆಗ ಕಂಡಿತು. ನಾವೆಲ್ಲ ‘ಸೂರ್ಯ’ ಎಂದು ಬರೆಯುವಾಗ ಯ ಬರೆದು ಪಕ್ಕದಲ್ಲಿ ಅರ್ಕಾವೊತ್ತು ಹಾಕುತ್ತೇವೆ. ರ ಬರೆದು ಅದರ ಕೆಳಗೆ ಯ ಒತ್ತು ಕೊಡುವುದು ‘ರ‍್ಯಾಂಕ್’ ಎನ್ನುವ ಪದಕ್ಕೆ ಮಾತ್ರ. ಮುತ್ತು ಎಲ್ಲದಕ್ಕೂ ಹಾಗೇ ಬರೆಯುತ್ತಾಳೆ: ಸೂರ‍್ಯ, ಕಾರ‍್ಯ, ಮರ‍್ಯಾದೆ. ಅದು ಅವಳ ತಾತನ ಕಾಲದ ಬರವಣಿಗೆ. ತಾತ ಹಳೇ ಮೇಷ್ಟ್ರು, ಮೊಮ್ಮಗಳಿಗೆ ಅಕ್ಷರ ತಿದ್ದಿಸಿದವರು ಅವರೇ. ಇಡೀ ನಲವತ್ತೊಂದು ಲೇಖನ ಮತ್ತೆ ತೆಗೆದು ನೋಡಿದೆ. ಬೇರೆ ಯಾರೂ ಹಾಗೆ ಬರೆದಿಲ್ಲ. ಹಾಗೆ ಬರೆದದ್ದನ್ನು ನಾನು ಇನ್ನೊಂದು ಕಡೆ ಮಾತ್ರ ಕಂಡಿದ್ದೆ. ಎಲ್ಲಿ ಎಂದು ನಿನಗೆ ಈಗ ಹೊಳೆದಿರಬೇಕು.

ಪರೀಕ್ಷೆಯಲ್ಲಿ ನಿನ್ನದೆಂದು ಹಿಡಿದ ಆ ಕಾಪಿ ಚೀಟಿ ಅಮ್ಮನ ಕನ್ನಡಿಯ ಹಿಂದೆ ಇತ್ತು. ‘ನೋಡಿ ಕಲಿಯಿರಿ’ ಎಂದು ತಲೆಬರಹ ಕೊಟ್ಟು, ನಿನ್ನ ಹೆಸರು ಬರೆದು, ಅದನ್ನು ಸೂಚನಾಫಲಕಕ್ಕೆ ಅಂಟಿಸಿದ್ದರಲ್ಲ. ಆರನೇ ದಿನ ಅಮ್ಮ ಅಡುಗೆಯ ಕೈಯಲ್ಲೇ ಹೋಗಿ ಕಿತ್ತುಕೊಂಡು ಬಂದಳು. ತಡೆಯಲು ಬಂದ ಜವಾನನಿಗೆ, “ನನ್ನ ಮಗಳ ಹೆಸರಿರೋದು ನನ್ನ ಮನೇಲಿರ‍್ಲಿ, ನಿಮ್ಮ ಗೋಡೆಗ್ಯಾಕೆ?” ಎಂದಳಂತೆ. ಮೊನ್ನೆ ಸೋಮವಾರ ಕನ್ನಡಿ ಇಳಿಸಿ ನೋಡಿದೆ. ಅಕ್ಷರ ಇರುವೆಯಷ್ಟು ಸಣ್ಣದು, ಎಡಕ್ಕೆ ವಾಲಿಸಿ ಬರೆದದ್ದು. ಮುತ್ತಿನ ಹಾಗೆ ಕಾಣಬಾರದೆಂದು ಪಾಪ ಎಷ್ಟು ಕಷ್ಟಪಟ್ಟಿದ್ದಾಳೆ! ಆದರೆ ‘ಸಸ್ಯಗಳು ಸೂರ‍್ಯನ ಬೆಳಕಿನಲ್ಲಿ’ ಎಂದು ಮೂರು ಕಡೆ, ‘ಎಲೆಯ ಕಾರ‍್ಯ’ ಎಂದು ಒಂದು ಕಡೆ. ನಾಲ್ಕರಲ್ಲೂ ರ ಕೆಳಗೆ ಯ. ಹುಟ್ಟುಗುಣ ಸುಟ್ಟರೂ ಹೋಗದು ಎಂಬುದು ಕೈಬರಹಕ್ಕೂ ಸೇರಿಸಿ ಹೇಳಿದ ಮಾತಿರಬೇಕು.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತಿದ್ದೇನೆ, ಯಾಕೆಂದರೆ ಶನಿವಾರ ಶಾಲೆಯಲ್ಲಿ ನಡೆಯುವ ಸಭೆಗೆ ನಾನು ಬರೆದಿಟ್ಟ ಹೇಳಿಕೆಯಲ್ಲಿ ಇದಿದೆ, ತಪ್ಪಿದ್ದರೆ ತಿದ್ದು. ಹೋದ ವರ್ಷ ಮಾರ್ಚ್ ಹತ್ತೊಂಬತ್ತು, ಒಂಬತ್ತನೇ ತರಗತಿಯ ವಿಜ್ಞಾನ ಪರೀಕ್ಷೆ. ಕಾಮಾಲೆಯಿಂದ ನಿನಗೆ ಒಂದು ವರ್ಷ ಹಾಳಾಗಿದ್ದರಿಂದ ನಾವಿಬ್ಬರೂ ಒಂದೇ ತರಗತಿ; ಒಂದೇ ದಿನ ಸೇರಿದ್ದರಿಂದ ನಿನ್ನ ಸಂಖ್ಯೆ ಇಪ್ಪತ್ತಾರು, ನನ್ನದು ಇಪ್ಪತ್ತೇಳು. ನಿನ್ನ ಹಿಂದಿನ ಬೆಂಚು ನನ್ನದು. ಅದೇ ಸಾಲಿನಲ್ಲಿ ನಿನಗಿಂತ ಮೂರು ಬೆಂಚು ಮುಂದೆ ಮುತ್ತು. ಹನ್ನೊಂದು ಇಪ್ಪತ್ತಕ್ಕೆ ವಿಜ್ಞಾನದ ಟೀಚರ್ ಮುಂದಿನಿಂದ ಬೆಂಚು ತಡಕಲು ಶುರುಮಾಡಿದರು. ಹನ್ನೊಂದು ಇಪ್ಪತ್ತೈದಕ್ಕೆ ನಿನ್ನ ಚಪ್ಪಲಿಯ ಪಕ್ಕ ಚೀಟಿ ಸಿಕ್ಕಿತು. ‘ನಂದಲ್ಲ ಟೀಚರ್’ ಎಂದು ನೀನು ನಾಲ್ಕು ಸಲ ಹೇಳಿದೆ. ಏಪ್ರಿಲ್ ಎರಡಕ್ಕೆ ನಿನ್ನ ಕೈಗೆ ವರ್ಗಾವಣೆ ಪತ್ರ ಬಂತು. ಅದರಲ್ಲಿ ‘ನಡತೆ’ ಎಂಬ ಅಂಕಣದಲ್ಲಿ ‘ತೃಪ್ತಿಕರವಲ್ಲ’. ಆ ಒಂದು ಪದ ನೋಡಿ ಮೂರು ಶಾಲೆಯವರು ನಿನ್ನನ್ನು ಬಾಗಿಲಿಂದಲೇ ಕಳಿಸಿದರು. ನೀನು ಅತ್ತೆಯ ಮನೆಗೆ ಹೋದೆ, ಕನ್ನಡಕದ ಅಂಗಡಿ ಸೇರಿದೆ. ಊರಿನವರಿಗೆಲ್ಲ ಕಣ್ಣು ಕಾಣಿಸುವ ಕೆಲಸ ನಿನಗೇ ಸಿಕ್ಕಿತಲ್ಲ ಎಂದು ಅಪ್ಪ ಒಮ್ಮೆ ಹೇಳಿ, ಆಮೇಲೆ ಊಟಕ್ಕೆ ಏಳಲಿಲ್ಲ.

ಮುತ್ತುವನ್ನು ಸೋಮವಾರ ಮಧ್ಯಾಹ್ನವೇ ಕುಡಿಯುವ ನೀರಿನ ನಲ್ಲಿಯ ಹತ್ತಿರ ಹಿಡಿದೆ. ಎರಡು ಕಾಗದವನ್ನೂ ಪಕ್ಕಪಕ್ಕ ಇಟ್ಟು ತೋರಿಸಿದೆ. ಅಳುತ್ತಾಳೆ ಅಂದುಕೊಂಡಿದ್ದೆ. ಬಾಟಲಿ ತುಂಬುವವರೆಗೂ ಕಾದು, ಮುಚ್ಚಳ ತಿರುಗಿಸಿ, “ವರ್ಷ ಆಯ್ತಲ್ಲೇ, ಈಗ್ಯಾಕೆ ಕೆದಕ್ತೀಯಾ? ಇನ್ನು ಹದಿನೈದು ದಿನ. ಆಮೇಲೆ ನಾನ್ಯಾರೋ ನೀನ್ಯಾರೋ” ಎಂದಳು. ನಾನು ಹೋಗಗೊಡಲಿಲ್ಲ. ಆಗ, “ನಿಮ್ಮಕ್ಕಂಗೆ ಹೇಗೂ ಓದು ಹತ್ತುತ್ತಿರಲಿಲ್ಲ ಬಿಡು. ನಂದು ಹೋಗಿದ್ರೆ ಇಡೀ ಶಾಲೆ ಹೆಸರೇ ಹೋಗ್ತಿತ್ತು” ಎಂದಳು. ಇದನ್ನು ಸಿಟ್ಟಿನಿಂದ ಹೇಳಲಿಲ್ಲ ಅಕ್ಕಾ. ಲೆಕ್ಕ ಬಿಡಿಸಿ ತೋರಿಸುವ ಹಾಗೆ ಹೇಳಿದಳು. ಕ್ಷಮೆಯ ಬಗ್ಗೆ ಯಾಕೆ ಬರೆದೆ ಎಂದು ಕೇಳಿದ್ದಕ್ಕೆ, “ಮೇಷ್ಟ್ರು ಕೊನೇಲಿ ಒಂದು ನೀತಿ ಇರ‍್ಲಿ ಅಂದ್ರು” ಎಂದಳು.

ಅವಳೊಬ್ಬಳೇ ಆಗಿದ್ದರೆ ಇಷ್ಟು ಹೇಸಿಗೆಯಾಗುತ್ತಿರಲಿಲ್ಲ. ಮಾರನೇ ದಿನ ಆ ಸಾಲಿನಲ್ಲಿ, ಪಕ್ಕದ ಸಾಲಿನಲ್ಲಿ ಕೂತಿದ್ದ ಹದಿನಾಲ್ಕು ಮಂದಿಯನ್ನು ಒಬ್ಬೊಬ್ಬರಾಗಿ ಕೇಳಿದೆ. ಒಂಬತ್ತು ಮಂದಿ “ಗೊತ್ತಿತ್ತು” ಎಂದರು. ಮಳೆ ಬರುವುದು ಗೊತ್ತಿತ್ತು ಎಂಬಷ್ಟು ಸಲೀಸಾಗಿ. ಗಂಟೆ ಹೊಡೆಯಲು ಎಷ್ಟು ನಿಮಿಷ ಇದೆ ಎಂದು ಸದಾ ಕೇಳುವ ಗಡಿಯಾರ ಇದ್ದಾನಲ್ಲ, ಅವನು ಮುತ್ತುವಿನ ಪಕ್ಕದ ಸಾಲಿನಲ್ಲೇ ಇದ್ದವನು. “ಕಾಲಲ್ಲಿ ಹಿಂದಕ್ಕೆ ತಳ್ಳಿದ್ದು ನೋಡ್ದೆ ಕಣೇ. ಫುಟ್‌ಬಾಲ್ ಪಾಸ್ ಕೊಟ್ಟ ಹಾಗೆ!” ಎಂದು ನಕ್ಕ. ಯಾಕೋ ಹೇಳಲಿಲ್ಲ ಎಂದರೆ, “ಅವಳ ನೋಟ್ಸ್ ಇಲ್ದೆ ನಾವು ಪಾಸಾಗೋದು ಹೇಗೆ ಹೇಳು?” ಇನ್ನೊಬ್ಬಳು, ನಿನ್ನ ಪೆನ್ಸಿಲ್ ಡಬ್ಬಿ ಅರ್ಧ ವರ್ಷ ಉಪಯೋಗಿಸಿದವಳು, “ನೀನೇ ಸುಮ್ಮನಿದ್ದೆ, ನಾವ್ಯಾಕೆ ಮಧ್ಯ ಬಾಯಿ ಹಾಕೋಣ ಅಂದ್ಕೊಂಡ್ವಿ” ಎಂದಳು. ಇದೇ ಗಡಿಯಾರನ ಲೇಖನ ಹತ್ತನೇ ಪುಟದಲ್ಲಿದೆ: ‘ಕಷ್ಟದಲ್ಲಿ ಕೈಬಿಡದ ಗೆಳೆಯರು’. ಅದಕ್ಕೂ ನಾನು ‘ನೋಡಿದೆ’ ಬರೆದುಕೊಟ್ಟಾಗಿತ್ತು. ಬಿಳಿ ಅಂಗಿಯ ಬೆನ್ನಿನ ಮೇಲೆ ಒಬ್ಬರಿಗೊಬ್ಬರು ಹೆಸರು ಬರೆದುಕೊಳ್ಳುವ ಆಟ ಈಗ ನಡೆದಿದೆ. ನನ್ನ ಬೆನ್ನಿನ ಮೇಲೆ ಬರೆಯಲು ಬಂದವನಿಗೆ ಮುಟ್ಟಬೇಡ ಎಂದೆ. ಕೊಳೆ ಬಟ್ಟೆ ಮುಟ್ಟಿಸಿದ ಹಾಗಾಯಿತು.

ಒತ್ತಕ್ಷರದ ಮೇಷ್ಟ್ರ ಹತ್ತಿರ ಹೋದೆ. ಒಂದು ಒತ್ತು ತಪ್ಪಿದರೆ ಐವತ್ತು ಸಲ ಬರೆಸುವವರು, ಇವರ ಕಣ್ಣು ತಪ್ಪುವುದಿಲ್ಲ ಎಂದು ನಂಬಿ ಹೋದೆ. ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಆವತ್ತೇ ಕಂಡಿತ್ತಮ್ಮ” ಎಂದರು. ನನಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಕೇಳಿದೆ. “ಬೋರ್ಡಿಗೆ ಅಂಟಿಸೋವಾಗಲೇ ಕಂಡಿತ್ತು. ಅವರ ತಾತನ ಹತ್ರ ನಾನೂ ಹಾಗೇ ಬರೆಯೋದು ಕಲಿತವನು. ಗುರುಗಳ ಮೊಮ್ಮಗಳನ್ನ ಹೇಗಮ್ಮಾ ಎತ್ತಿ ಆಡಲಿ?” ಮಾತಾಡುತ್ತ ಮೇಜಿನ ಮೇಲಿದ್ದ ಇನ್ಯಾರದೋ ಪುಸ್ತಕದಲ್ಲಿ ಬಿಟ್ಟುಹೋದ ಒಂದು ಒತ್ತನ್ನು ಕೆಂಪು ಶಾಯಿಯಲ್ಲಿ ಸೇರಿಸಿದರು. ಆ ಕೈ ನೋಡಿ ನನಗೆ ಆದದ್ದನ್ನು ಇಲ್ಲಿ ಬರೆಯುವುದಿಲ್ಲ, ಅಮ್ಮ ಈ ಪತ್ರ ಓದಿಯೇ ಕಳಿಸುತ್ತಾಳೆ.

ಹೆಡ್ ಮೇಷ್ಟ್ರು ನಿನ್ನೆ ಸಂಜೆ ಕೋಣೆಗೆ ಕರೆಸಿ ಬುದ್ಧಿ ಹೇಳಿದರು. “ನೆಂಟರು ಬಂದು ಕೂತಿರೋವಾಗ ಅಟ್ಟದ ಮೇಲೆ ಇಲಿ ಸತ್ತಿದೆ ಅಂತ ಯಾರಾದ್ರೂ ಕೂಗ್ತಾರೇನಮ್ಮಾ?” ಎಂದರು. “ನಾತ ಬಂದ್ರೆ ನೆಂಟರೇ ಹುಡುಕ್ತಾರೆ ಸಾರ್” ಎಂದೆ. ಇದು ನನ್ನ ಬಾಯಿಂದ ಹೇಗೆ ಬಂತೋ ತಿಳಿಯದು, ಅಮ್ಮನ ನಾಲಿಗೆ ನನಗೆ ತಡವಾಗಿ ಬಂದಿರಬೇಕು. ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ ಎಂದರು. ಹದಿನೇಳನೇ ಪುಟಕ್ಕೆ ಸಹಿ ಹಾಕಿ ಕೊಟ್ಟು ಹೋಗು ಎಂದರು. ಹಾಕಲಿಲ್ಲ. ಅವರು ಪ್ರೆಸ್ಸಿನ ಯಜಮಾನರಿಗೆ ಫೋನು ಮಾಡಿದರು. ಯಜಮಾನರು ಅಪ್ಪನನ್ನು ಕರೆದು, ಮಗಳ ಬದಲು ನೀವೇ ಒಂದು ‘ನೋಡಿದೆ’ ಗೀಚಿಬಿಡಿ ಎಂದರಂತೆ. ಅಪ್ಪ ಏನೆಂದರು ಎಂದು ಯಂತ್ರದ ಮಾಮ ನನಗೆ ನಟಿಸಿಯೇ ತೋರಿಸಿದರು. ದಾರ ಸುತ್ತಿದ ಕನ್ನಡಕ ತೆಗೆದು, ಮಡಚಿ, ಜೇಬಿಗೆ ಹಾಕಿಕೊಂಡು, “ಕನ್ನಡಕ ಇಲ್ದೆ ನನಗೆ ಕಾಣಲ್ಲ ಸಾರ್” ಎಂದರಂತೆ. ಅಷ್ಟೆ. ಯಜಮಾನರಿಗೂ ತಮ್ಮದೇ ನಿಯಮ ಮುರಿಯಲು ನಾಚಿಕೆಯಾಯಿತೋ ಏನೋ, ಯಂತ್ರ ನಿಲ್ಲಿಸಿ ಎಂದರು. ಪುಸ್ತಕವಿಲ್ಲದೆ ಬಿಡುಗಡೆ ಇಲ್ಲ, ಬಿಡುಗಡೆ ಇಲ್ಲದೆ ಮುಖ್ಯ ಅತಿಥಿಗೆ ಕೆಲಸವಿಲ್ಲ. ಆದ್ದರಿಂದ ಇವತ್ತು ಮಧ್ಯಾಹ್ನ ಎರಡಕ್ಕೆ ಹೆಡ್ ಮೇಷ್ಟ್ರು ಹೇಳಿ ಕಳಿಸಿದರು, ಶನಿವಾರ ಸಭೆ ಎಂದು. ಅವರು, ವಿಜ್ಞಾನದ ಟೀಚರ್, ಒತ್ತಕ್ಷರದ ಮೇಷ್ಟ್ರು, ಮುತ್ತು ಮತ್ತು ಅವಳ ತಾತ, ಅಪ್ಪ, ಅಮ್ಮ, ನಾನು. ನಾನು ಎರಡು ಕೇಳಿದ್ದೇನೆ. ನಿನ್ನ ವರ್ಗಾವಣೆ ಪತ್ರದ ‘ನಡತೆ’ ಅಂಕಣ ತಿದ್ದಿ ಹೊಸದು ಕೊಡಬೇಕು, ಜೂನಿನಲ್ಲಿ ನಿನ್ನನ್ನು ಹತ್ತನೇ ತರಗತಿಗೆ ಸೇರಿಸಿಕೊಳ್ಳಬೇಕು. ಆ ಪ್ಯಾರಾ ತೆಗೆಯುವುದು ಕೇಳಬೇಕಾದ ವಿಷಯವೇ ಅಲ್ಲ.

ಅತ್ತೆಗೆ ನನ್ನ ನಮಸ್ಕಾರ, ಅವರ ಮಂಡಿನೋವಿಗೆ ಅಮ್ಮ ಎಣ್ಣೆ ಕಳಿಸಿದ್ದಾಳೆ. ಈ ಪತ್ರ ನಾಳೆ ನಿಮ್ಮ ಊರಿಗೆ ಹೋಗುವ ಪ್ರೆಸ್ಸಿನ ಪಾರ್ಸೆಲ್ ಗಾಡಿಯಲ್ಲಿ ಬರುತ್ತದೆ, ಚಾಲಕ ನಿನ್ನ ಅಂಗಡಿಗೇ ತಂದುಕೊಡುತ್ತಾನೆ. ಗಾಯಕ್ಕೆ ನೀರು ಸೋಕಿಸಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು, ನನ್ನ ಪಾಲಿನದೂ.

ನಿನ್ನ ಹಿಂದಿನ ಬೆಂಚಿನವಳು,
ತಂಗಿ

ಮರೆತ ಮಾತು: ಮರೆತದ್ದಲ್ಲ. ಅಮ್ಮ ಓದಿ ಮಡಚಿಟ್ಟ ಮೇಲೆ ಸೇರಿಸುತ್ತಿದ್ದೇನೆ, ಗಾಡಿಯವನು ಬಾಗಿಲಲ್ಲಿ ನಿಂತಿದ್ದಾನೆ. ಪರೀಕ್ಷೆಯ ದಿನ ಸಂಜೆ ನೀನು ತಟ್ಟೆ ಒರೆಸುತ್ತ, ನನ್ನ ಮುಖ ನೋಡದೆ, “ನೀನು ಹಿಂದೇನೇ ಇದ್ಯಲ್ಲ, ಏನೂ ನೋಡ್ಲಿಲ್ವೇನೇ?” ಎಂದು ಕೇಳಿದೆ. ನಾನು ಇಲ್ಲ ಎಂದೆ. ನೋಡಿದ್ದೆ. ಚೀಟಿ ಮುಂದಿನಿಂದ ನೆಲದ ಮೇಲೆ ಜಾರಿಕೊಂಡು ಬಂದು ನಿನ್ನ ಬೆಂಚಿನ ಕೆಳಗೆ ನಿಂತಿತು. ಯಾರ ಕಾಲು ಎಂದು ಕಾಣಲಿಲ್ಲ, ನಿನ್ನದಲ್ಲ ಎಂಬುದು ಚೆನ್ನಾಗಿ ಕಂಡಿತ್ತು. “ನೋಡಿದೋರು ಯಾರಾದ್ರೂ ಇದ್ರೆ ಏಳಿ, ಅವರ ಪೇಪರ್ರೂ ಕಿತ್ಕೋತೀನಿ” ಎಂದರು ಟೀಚರ್. ನನಗೆ ಇನ್ನೂ ಎರಡು ಪ್ರಶ್ನೆ ಬಾಕಿ ಇತ್ತು. ಎಂಟು ಅಂಕದ ಪ್ರಶ್ನೆಗಳು. ಅದಕ್ಕೆ ಕೂತೇ ಇದ್ದೆ. ನೀನು ಹೊರಗೆ ಹೋದ ಮೇಲೆ ಎರಡನ್ನೂ ಬರೆದೆ. ಒಂಬತ್ತು ಮಂದಿಗೆ ಗೊತ್ತಿತ್ತು ಎಂದು ಮೇಲೆ ಬರೆದಿದ್ದೇನೆ, ಅದು ತಪ್ಪು ಲೆಕ್ಕ. ಹತ್ತು. ನನ್ನ ಹೇಳಿಕೆಯಲ್ಲಿ ಇದೇ ಮೊದಲ ಸಾಲು, ಮೂಲೆಯಲ್ಲಿ ‘ನೋಡಿದೆ’ ಎಂದು ಬರೆದು ಸಹಿ ಹಾಕಿದ್ದೇನೆ. ಅಪ್ಪ ಅಮ್ಮನಿಗೂ ಅಲ್ಲೇ ಗೊತ್ತಾಗುವುದು. ನೀನು ಅವರ ಜೊತೆ ಗೋಡೆಗೆ ಒರಗಿ ನಿಂತು ಕೇಳುತ್ತೀಯೋ, ಬರುವುದೇ ಇಲ್ಲವೋ, ನಿನಗೆ ಬಿಟ್ಟಿದ್ದು. ಬೆಳಗಿನ ಮೊದಲ ಬಸ್ಸು ಒಂಬತ್ತೂಕಾಲಿಗೆ ಇಲ್ಲಿ ತಲುಪುತ್ತದೆ. ಸಭೆ ಶನಿವಾರ, ಮಾರ್ಚ್ ಹದಿನಾಲ್ಕು, ಬೆಳಿಗ್ಗೆ ಹತ್ತು ಗಂಟೆ, ಹೆಡ್ ಮೇಷ್ಟ್ರ ಕೋಣೆ. ಮೊದಲ ಹೇಳಿಕೆ ನನ್ನದು.